ಪಾನಾ ಅಜ್ಜನ ಕೆಮ್ಮು

"ಈ ಸಲ ಆಕಾಶವೇ ಕಳಚಿ ಬೀಳಲಿ, ನನ್ನ ಕಿವಿಗೆ ಒಂದಕ್ಷರ ಬೀಳೋದಿಲ್ಲ! ಬಿದ್ದರೆ ಪಾನಾ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ!"

ಹೀಗೆಂದು ನಲ್ಲಿ ಮೇಸ್ತ್ರಿ ಚಹಾದ ಲೋಟವನ್ನು ಕುಕ್ಕಿದ ರಭಸಕ್ಕೆ ಅರ್ಧ ಚಹಾ ಮೇಜಿನ ಪಾಲಾಯಿತು. ಊರಿನ ಅರ್ಧ ಮನೆಗಳ ನಲ್ಲಿ, ಪೈಪು, ಕಮೋಡುಗಳೆಲ್ಲ ಅವನ ಗದರಿಕೆಗೆ ಹೆದರಿ ಸೋರುವುದನ್ನು ನಿಲ್ಲಿಸಿದಂಥವು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಓಡಾಡುವ ಆಸಾಮಿ. ಆದರೆ ಅವತ್ತಿನ ಕೋಪ ಗಿರಾಕಿಗಳ ಮೇಲಲ್ಲ, ಒಂದು ಸಿನಿಮಾದ ಮೇಲೆ!

ಅಂತಿಂಥ ಸಿನಿಮಾ ಅಲ್ಲ ಸ್ವಾಮಿ, 'ಹನ್ನೊಂದನೇ ನಕ್ಷತ್ರ'ದ ಹೊಸ ಭಾಗ. ನಕ್ಷತ್ರಗಳ ನಡುವೆ ನೌಕೆಗಳು ಬಡಿದಾಡುವ, ಗ್ರಹಗಳು ಬಲ್ಬಿನಂತೆ ಠುಸ್ಸೆಂದು ಒಡೆಯುವ ಆ ಸರಣಿಯನ್ನು ಮೇಸ್ತ್ರಿ ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿಕೊಂಡು ಬಂದವನು. ಮಿಕ್ಕ ಹುಡುಗರೆಲ್ಲ ಸೇನಾಪತಿಗೆ ಶಿಳ್ಳೆ ಹೊಡೆದರೆ ಇವನ ಚಪ್ಪಾಳೆ ನೌಕೆಯ ಹೊಟ್ಟೆಯೊಳಗೆ ಎಣ್ಣೆ ಅಂಗಿ ತೊಟ್ಟು, ನಟ್ಟು ತಿರುಗಿಸುವ ಪಾನಾ ಹಿಡಿದು, ಒಡೆದ ಪೈಪುಗಳಿಗೆ ಬೈಯುತ್ತಾ ಓಡಾಡುವ ಮುದುಕನಿಗೆ. ಅವನೇ ಪಾನಾ ಅಜ್ಜ! ಮೇಲೆ ನಿಂತ ಸೇನಾಪತಿ 'ಮುನ್ನುಗ್ಗಿ!' ಎಂದು ಎಷ್ಟು ಅರಚಿದರೇನು? ಕೆಳಗೆ ಅಜ್ಜ ನಟ್ಟು ಬಿಗಿಯದೆ ನೌಕೆ ಒಂದು ಗೇಣೂ ಕದಲುತ್ತಿರಲಿಲ್ಲ. ಆ ಅಜ್ಜನನ್ನು ನೋಡಿಯೇ ಮೇಸ್ತ್ರಿ ಈ ಕಸುಬಿಗೆ ಬಂದದ್ದು.

ಈಗ ಏನಾಗಿತ್ತೆಂದರೆ, ಹಳೆಯ ಕಂಪನಿ ಆ ಸರಣಿಯನ್ನು ಯಾರಿಗೋ ಮಾರಿತ್ತು. ಕೊಂಡವರು ಒಂದಲ್ಲ, ಒಂದೇ ಏಟಿಗೆ ಮೂರು ಹೊಸ ಭಾಗಗಳನ್ನು ಘೋಷಿಸಿದ್ದರು. ಮೊದಲ ಭಾಗದ ಟ್ರೇಲರ್ ಬಂದ ದಿನದಿಂದ ಮೇಸ್ತ್ರಿಗೆ ಊಟ ಸೇರಲಿಲ್ಲ.

"ಟ್ರೇಲರಲ್ಲಿ ಅಜ್ಜ ಕೆಮ್ಮಿದ ಕಣೇ!"

"ನೆಗಡಿ ಆಗಿರಬೇಕು ಬಿಡಿ," ಎಂದಳು ಹೆಂಡತಿ. ಅವಳು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ದಿನವಿಡೀ ಊರವರ ರಕ್ತ ಹೀರಿ ಬಂದರೂ ಸಂಜೆ ಅವಳಿಗೆ ಹಸಿವು ಉಳಿದಿರುತ್ತದೆ ಎಂಬುದು ಮೇಸ್ತ್ರಿಯ ದೂರು.

"ನೆಗಡಿಯಂತೆ, ನೆಗಡಿ! ಸಿನಿಮಾದಲ್ಲಿ ಯಾರಾದ್ರೂ ಸುಮ್ಮನೆ ಕೆಮ್ತಾರಾ? ಕೆಮ್ಮಿದ ಅಂದ್ರೆ ಕಥೆ ಮುಗೀತು! ಕೊಲ್ತಾರೆ, ಆ ಪಾಪಿಗಳು ನಮ್ಮಜ್ಜನ್ನ ಕೊಂದೇ ಕೊಲ್ತಾರೆ!"

"ರಕ್ತದ ಸ್ಯಾಂಪಲ್ ಕಳಿಸೋಕೆ ಹೇಳಿ. ನೋಡಿ ಹೇಳ್ತೀನಿ."

"ತಮಾಷೆ ಮಾಡ್ಬೇಡ! ಅಜ್ಜನ ಜಾಗಕ್ಕೆ ಒಂದು ರೋಬೋಟ್ ತಂದಿದಾರೆ. ಕೈಯಲ್ಲಿ ಪಾನಾ ಇಲ್ಲ, ಬೆರಳಿಂದ ಬೆಳಕು ಬಿಡುತ್ತೆ, ಪೈಪು ಕೂಡ್ಕೊಳ್ಳುತ್ತೆ! ಬೆಳಕಿಂದ ಪೈಪು ಕೂಡುತ್ತೇನೇ? ಸೋರದ ಹಾಗೆ ದಾರ ಸುತ್ತಬೇಕೋ ಬೇಡ್ವೋ?"

"ನಮ್ಮ ಅಡುಗೆಮನೆ ಸಿಂಕಿನ ಕೆಳಗಿನ ಪೈಪಿಗೂ ಸ್ವಲ್ಪ ಸುತ್ತಿ. ವರ್ಷದಿಂದ ತೊಟ್ಟಿಕ್ತಾ ಇದೆ."

"ಸಿನಿಮಾ ಬಿಡುಗಡೆ ಆಗ್ಲಿ, ಸುತ್ತೋಣ."

ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಿದರೆ? ಊರಿಗೆಲ್ಲ ನಲ್ಲಿ ಹಾಕುವವನ ಮನೆಯ ಪೈಪು ಹಳೇ ಬನೀನಿನ ಚೂರು ಸುತ್ತಿಕೊಂಡು ಸೊಂಟನೋವಿನ ಮುದುಕಿಯಂತೆ ಮೂಲೆಯಲ್ಲಿ ನರಳುತ್ತಿತ್ತು. ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಮನೆಗೆಲ್ಲ ನೀರು ಬಿಡುವ, ನಿಲ್ಲಿಸುವ ದೊಡ್ಡ ವಾಲ್ವಿಗೆ ಹಿತ್ತಾಳೆಯ ಒಂದು ಚಕ್ರವಿತ್ತು. ಮೇಸ್ತ್ರಿ ಮಲಗುವ ಕೋಣೆಯಲ್ಲಿ ರಟ್ಟು, ತಗಡು ಸೇರಿಸಿ ಅಜ್ಜನ ನೌಕೆಯ ಮಾದರಿ ಕಟ್ಟಿದ್ದನಲ್ಲ, ಅದಕ್ಕೆ ಚುಕ್ಕಾಣಿ ಬೇಕಾಯಿತು. ಆ ಹಿತ್ತಾಳೆ ಚಕ್ರ ಅಳತೆ ಮಾಡಿಸಿದಂತೆ ಕೂತುಬಿಟ್ಟಿತು! ವಾಲ್ವಿನ ಜಾಗದಲ್ಲಿ ಈಗ ಬೋಳು ಕಡ್ಡಿಯೊಂದು ನಿಂತಿತ್ತು.

"ನೀರು ನಿಲ್ಲಿಸಬೇಕಾದ್ರೆ ಏನು ಮಾಡ್ಲಿ?" ಎಂದು ಹೆಂಡತಿ ಕೇಳಿದ್ದಳು.

"ನನ್ನ ಕರಿ. ನಾನಿರೋದು ಯಾತಕ್ಕೆ?" ಎಂದಿದ್ದ ಶೂರ.

ಬಿಡುಗಡೆಯ ದಿನ ಬಂತು. ಬೆಳಗಿನ ಆಟಕ್ಕೆ ಟಿಕೇಟು ಸಿಗದೆ ಮಧ್ಯಾಹ್ನದ ಆಟಕ್ಕೆ ಸಿಕ್ಕಿತ್ತು. ಅದೂ ಎರಡು. ಒಂದು ತನಗೆ, ಇನ್ನೊಂದು ಪಕ್ಕದ ಖಾಲಿ ಕುರ್ಚಿಗೆ! ಪಕ್ಕದಲ್ಲಿ ಯಾರೂ ಕೂತು ವಟವಟ ಅನ್ನಬಾರದು, ಅಜ್ಜನಿಗೆ ಏನೇ ಆದರೂ ತಾನೊಬ್ಬನೇ ಕಣ್ಣಾರೆ ನೋಡಬೇಕು ಎಂಬ ಹಟ. ಆದರೆ ಬೆಳಗ್ಗೆ ನೋಡಿ ಬಂದವರು ಊರ ತುಂಬಾ ಇರುತ್ತಾರಲ್ಲ! ಯಾರಾದರೂ ಕೊನೆಯನ್ನು ಒದರಿಬಿಟ್ಟರೆ? ಹಿಂದಿನ ಭಾಗದ ಸಲ ಹೀಗೇ ಆಗಿತ್ತು. ಹೊರಡಲು ಶೂ ಕಟ್ಟುತ್ತಿದ್ದವನಿಗೆ ಹೆಂಡತಿ ಫೋನು ನೋಡುತ್ತಾ, "ವಿಷಯ ಗೊತ್ತಾಯ್ತಾ? ಆ ಮಹಾರಾಣಿನೇ ದ್ರೋಹಿಯಂತೆ ಕಣ್ರೀ!" ಎಂದುಬಿಟ್ಟಿದ್ದಳು. ಮೇಸ್ತ್ರಿ ವಾರಗಟ್ಟಲೆ ಮಾತು ಬಿಟ್ಟಿದ್ದ. ಅವು ತನ್ನ ಸಂಸಾರದ ಅತ್ಯಂತ ನೆಮ್ಮದಿಯ ವಾರಗಳೆಂದು ಹೆಂಡತಿ ಇಂದಿಗೂ ಹೇಳುತ್ತಾಳೆ.

ಹಾಗಾಗಿ ಈ ಸಲ ಅವಳಿಂದ ಪ್ರಮಾಣ ಮಾಡಿಸಿದ್ದಾಯಿತು. "ನಾನು ಸಿನಿಮಾ ನೋಡಿ ಬರೋ ತನಕ ನನಗೆ ಏನೂ ಹೇಳಬಾರದು. ಏನೂ ಅಂದ್ರೆ ಏನೂ! ಮನೆಗೆ ಬೆಂಕಿ ಬಿದ್ರೂ!"

"ನೆನಪಿರಲಿ, ನೀವೇ ಹೇಳಿದ್ದು," ಎಂದಳು ಅವಳು.

ಮೇಸ್ತ್ರಿ ಉಪಕರಣಗಳ ಚೀಲದ ಸಮೇತ ಕೋಣೆ ಸೇರಿ ಚಿಲಕ ಹಾಕಿದ. ಕಿವಿಗೆ ಹತ್ತಿ, ಹತ್ತಿಯ ಮೇಲೆ ಹೆಡ್‌ಫೋನು, ಅದರ ಮೇಲೆ ಮಫ್ಲರು! ಟಿವಿಯಲ್ಲಿ ಹಳೆಯ ಭಾಗವೊಂದನ್ನು ಹಚ್ಚಿ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತ. ತೆರೆಯ ಮೇಲೆ ಪಾನಾ ಅಜ್ಜ ಗಟ್ಟಿಮುಟ್ಟಾಗಿದ್ದ. ಒಂದು ಸಲವೂ ಕೆಮ್ಮಲಿಲ್ಲ.

ಅಜ್ಜ ಗಟ್ಟಿಯಾಗಿದ್ದನೇ ಹೊರತು ಸಿಂಕಿನ ಕೆಳಗಿನ ಮುದುಕಿ ಗಟ್ಟಿಯಿರಲಿಲ್ಲ. ಬನೀನು ಒಂದು ಕಡೆ, ಪೈಪು ಇನ್ನೊಂದು ಕಡೆ ಹಾರಿ, ನೀರು ಭೋರೆಂದು ಅಡುಗೆಮನೆಗೆ ನುಗ್ಗಿತು! ಹೆಂಡತಿ ವಾಲ್ವಿನ ಹತ್ತಿರ ಓಡಿದಳು. ಬೋಳು ಕಡ್ಡಿ! ಬರಿಗೈಯಲ್ಲಿ ತಿರುಗಿಸಲು ಹೋಗಿ ಅಂಗೈ ಸುಲಿದುಕೊಂಡಳು. ಓಡಿ ಬಂದು ಕೋಣೆಯ ಬಾಗಿಲು ಗುದ್ದಿದಳು.

ಬಾಗಿಲು ಅದುರಿದ್ದು ಮೇಸ್ತ್ರಿಗೆ ಕಂಡಿತು. "ಬಂದಳು ನೋಡು, ಹೇಳೋಕೆ! ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ಇವಳಿಗೆ!" ಎಂದು ಹಲ್ಲು ಕಡಿದು ಸದ್ದು ಏರಿಸಿದ.

ಅಷ್ಟರಲ್ಲಿ ಫೋನು ಮಿನುಗಿತು. ಕೆಳಗಿನ ಮನೆಯ ಡ್ರಿಲ್ ಟೀಚರ್! ಬೆಳಗಿನ ಆಟಕ್ಕೆ ಹೋಗುತ್ತೇನೆಂದು ನಿನ್ನೆಯೇ ಮೆಟ್ಟಿಲ ಮೇಲೆ ಜಂಬ ಕೊಚ್ಚಿದ್ದವಳು. "ಇವಳಿಗೂ ನಾನೇ ಬೇಕಾ? ಇಡೀ ಊರೇ ಸಂಚು ಮಾಡಿದೆ!" ಎಂದು ಮೇಸ್ತ್ರಿ ಫೋನನ್ನೇ ಆರಿಸಿಬಿಟ್ಟ. ಫೋನು ಮತ್ತೆ ಮಿನುಗಲಿಲ್ಲ.

ಕೋಣೆಗೆ ಮಹಡಿಯ ವರಾಂಡದ ಕಡೆಗೊಂದು ಗಾಜಿನ ಕಿಟಕಿಯಿತ್ತು. ಅಲ್ಲಿ ಹೆಂಡತಿಯ ಮುಖ ಮೂಡಿತು. ಕೂಗಿ ಪ್ರಯೋಜನವಿಲ್ಲವೆಂದು ಅವಳು ಅಭಿನಯಕ್ಕಿಳಿದಿದ್ದಳು. ಮೊದಲು ಎರಡೂ ಕೈಯಲ್ಲಿ ಚಕ್ರ ತಿರುಗಿಸಿದಳು. ಆಮೇಲೆ ತೋಳುಗಳನ್ನು ಅಲೆಯಂತೆ ಆಡಿಸಿದಳು. ಬೆರಳನ್ನು ಕೆಳಗೆ ಚುಚ್ಚಿ, ಕುತ್ತಿಗೆಯ ಮೇಲೆ ಕೈ ಎಳೆದು, ನಾಲಿಗೆ ಹೊರಚಾಚಿ ತೋರಿಸಿದಳು. ಕೆಳಗಿನ ಮನೆಯವಳು ನಮ್ಮನ್ನು ಸಿಗಿದುಹಾಕುತ್ತಾಳೆ ಎಂಬುದು ಅವಳ ಭಾವ.

ಮೇಸ್ತ್ರಿ ಹೌಹಾರಿದ. ಚುಕ್ಕಾಣಿ! ಪ್ರಳಯ! ಕೆಳಗಿರುವ ಅಜ್ಜ! ಸಾವು!

"ಥೂ ನಿನ್ನ! ಬಾಯಿ ಬಿಡಬೇಡ ಅಂದ್ರೆ ಆಡಿ ತೋರಿಸ್ತೀಯಾ? ಪ್ರಮಾಣ ಮಾಡಿಲ್ವಾ ನೀನು?" ಎಂದು ಗುಡುಗಿ ಪರದೆ ಎಳೆದ. ನೋಡಿದ್ದನ್ನು ಮರೆಯಲು ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಕೊಡವಿ, ಮತ್ತೆ ತೆರೆಯ ಕಡೆ ತಿರುಗಿದ.

ತೆರೆಯ ಮೇಲೆ ಅವನ ಅಚ್ಚುಮೆಚ್ಚಿನ ದೃಶ್ಯ ನಡೆದಿತ್ತು. ನೌಕೆಯ ತಂಪು ನೀರಿನ ಕೊಳವೆ ಒಡೆದು, ಅಜ್ಜ ಮೊಣಕಾಲುದ್ದ ನೀರಿನಲ್ಲಿ ಪಾನಾ ಎತ್ತಿ ಹಿಡಿದಿದ್ದ. ಮೇಸ್ತ್ರಿಯ ಪಾದಗಳು ತಣ್ಣಗಾದವು. ಅವನ ಕಣ್ಣು ತುಂಬಿ ಬಂತು. "ಹಳೇ ಸಿನಿಮಾ ಅಂದ್ರೆ ಇದು! ನೋಡ್ತಾ ಇದ್ರೆ ಕಾಲಿಗೂ ನೀರು ತಾಗಿದ ಹಾಗಾಗುತ್ತೆ! ಈಗಿನ ಬೆಪ್ಪುತಕ್ಕಡಿಗಳ ಕೈಲಿ ಇಂಥದ್ದೊಂದು ದೃಶ್ಯ ತೆಗೆಯೋಕಾಗುತ್ತಾ?"

ಆಗ ಅವನ ಎಡಗಾಲಿನ ಚಪ್ಪಲಿ ಮಂಚದ ಕೆಳಗಿನಿಂದ ತೇಲುತ್ತಾ ಬಂದು, ಅವನೆದುರೇ ನಿಧಾನವಾಗಿ ಒಂದು ಸುತ್ತು ಹಾಕಿ, ಬಾಗಿಲ ಕಡೆ ಹೊರಟಿತು.

ಮೇಸ್ತ್ರಿ ಎದ್ದ. ಬಿದ್ದ. ಮತ್ತೆ ಎದ್ದ. ಚಿಲಕ ತೆಗೆದರೆ ಎದುರಿಗೆ ಇಬ್ಬರು. ಒಬ್ಬಳು ಮೊಣಕಾಲವರೆಗೆ ಒದ್ದೆಯಾದ ಹೆಂಡತಿ. ಇನ್ನೊಬ್ಬಳು ನೆತ್ತಿಯಿಂದ ಒದ್ದೆಯಾದ ಡ್ರಿಲ್ ಟೀಚರ್. ಟೀಚರನ್ನು ಕಂಡದ್ದೇ ಅವನು ಮಫ್ಲರಿನ ಮೇಲೆ ಎರಡೂ ಅಂಗೈ ಒತ್ತಿ "ಹೇಳಬೇಡಿ! ಹೇಳಬೇಡಿ!" ಎಂದು ಕಿರುಚಿದ. ಹೆಂಡತಿ ಒಳನುಗ್ಗಿ, ನೌಕೆಯ ಚುಕ್ಕಾಣಿಯನ್ನು ಲಟಕ್ಕನೆ ಕಿತ್ತು, ಹೋಗಿ ವಾಲ್ವಿಗೆ ಸಿಕ್ಕಿಸಿ ತಿರುಗಿಸಿದಳು. ಭೋರ್ಗರೆತ ನಿಂತಿತು.

ಮೇಸ್ತ್ರಿಯ ಮಫ್ಲರು ಕಳಚಿತು, ಹೆಡ್‌ಫೋನು ಇಳಿಯಿತು, ಹತ್ತಿಯೂ ಹೊರಬಂತು.

"ನಾನಿರೋದು ಯಾತಕ್ಕೆ ಅಂದಿದ್ರಲ್ಲ, ಯಾತಕ್ಕೆ ಅಂತ ಈಗ ಹೇಳಿ!" ಎಂದಳು ಹೆಂಡತಿ, ಸುಲಿದ ಅಂಗೈ ಚಾಚಿ.

ಅಷ್ಟರಲ್ಲೇ ಟೀಚರ್ ಮೈದಾನದ ಆ ತುದಿಗೂ ಕೇಳುವ ಗಂಟಲಲ್ಲಿ ಶುರುಮಾಡಿದಳು. "ಏನ್ರೀ! ಸಿನಿಮಾ ನೋಡಿ ಬಂದು ಸೋಫಾ ಮೇಲೆ ಕಾಲು ಚಾಚಿದೀನಿ, ತಲೆ ಮೇಲೆ ಜಲಪಾತ! ಸೋಫಾ ನೆಂದು ತೊಪ್ಪೆ, ಹಾಸಿಗೆ ತೊಪ್ಪೆ, ನಾನು ತೊಪ್ಪೆ! ಫೋನ್ ಮಾಡಿದ್ರೆ ಕಟ್ ಮಾಡ್ತೀರಾ? ಈಗ ನೋಡಿ, ಕೊನೇ ದೃಶ್ಯ ನನ್ನ ಕಣ್ಣಲ್ಲೇ ಇದೆ. ಬಾಯಿ ತೆರೀಲಾ?"

"ಅಯ್ಯೋ, ಬೇಡ ತಾಯಿ! ಬೈಯಿರಿ, ಹೊಡೀರಿ, ಮೈದಾನಕ್ಕೆ ಹತ್ತು ಸುತ್ತು ಓಡಿಸಿ! ಅದೊಂದು ಮಾತ್ರ ಹೇಳಬೇಡಿ!"

"ಹಾಗಾದ್ರೆ ತೆಗೀರಿ ಟಿಕೇಟು!"

"ನೀವು ನೋಡಿದೀರಲ್ಲ!"

"ನೋಡಿದೀನಿ. ಆದ್ರೆ ನನ್ನ ಮನೇಲಿ ಕೂರೋಕೆ ಒಣಗಿದ ಕುರ್ಚಿ ಒಂದೂ ಇಲ್ಲ. ಅಲ್ಲಿ ನಿಮ್ಮ ಹೆಸರಲ್ಲಿ ಎರಡಿದೆ. ನಾನೂ ನಿಮ್ಮ ಮನೆಯವರೂ ಹೋಗಿ ಕೂತ್ಕೊಂಡು ಬರ್ತೀವಿ. ಅಷ್ಟರಲ್ಲಿ ನಿಮ್ಮ ಪೈಪು, ನನ್ನ ಚಾವಣಿ, ಸೋಫಾ, ಎಲ್ಲಾ ಸರಿಯಾಗಿರಬೇಕು!"

ಹೊಟ್ಟೆಯಲ್ಲಿ ಮಾತು ನಿಲ್ಲದವಳಿಗೆ ಮೊದಲು ಸಿನಿಮಾ ತೋರಿಸುವುದೆಂದರೆ ಬೆಕ್ಕಿಗೆ ಹಾಲು ಕಾಯಲು ಹೇಳಿದಂತಾಯಿತಲ್ಲ ಎಂದು ಮೇಸ್ತ್ರಿ ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ಸೀರೆ ಬದಲಾಯಿಸಲು ಹೋಗಿದ್ದಳು.

ಇಬ್ಬರೂ ಹೊರಟುಹೋದರು. ಮೇಸ್ತ್ರಿ ಸಿಂಕಿನ ಕೆಳಗೆ ತೂರಿಕೊಂಡು, ತಣ್ಣೀರಿನಲ್ಲಿ ಮಲಗಿ, ಪೈಪಿಗೆ ದಾರ ಸುತ್ತಿದ. ಪೈಪಿಗೆ ಬೈದ. ಹೊಸ ಕಂಪನಿಗೆ ಬೈದ, ರೋಬೋಟಿಗೆ ಬೈದ, ಕೊನೆಗೆ ಬೈಯಲು ಯಾರೂ ಉಳಿಯದೆ ತನಗೇ ಬೈದುಕೊಂಡ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಎಷ್ಟು ವರ್ಷದಿಂದ ಪಾನಾ ಅಜ್ಜನಾಗಬೇಕೆಂದು ಆಸೆಪಟ್ಟಿದ್ದ! ಇವತ್ತು ಆಗಿದ್ದ. ಎಲ್ಲರೂ ಮೇಲೆ ಕೂತು ಆಟ ನೋಡುವಾಗ ಕೆಳಗೆ ನೀರಿನಲ್ಲಿ ಒಬ್ಬನೇ ನಟ್ಟು ಬಿಗಿಯುತ್ತಿದ್ದ. ಚಪ್ಪಾಳೆ ತಟ್ಟಲು ಒಂದು ನರಪಿಳ್ಳೆಯೂ ಇರಲಿಲ್ಲ. ನೆಲ ಒರೆಸಿ, ಕೆಳಗಿಳಿದು ಚಾವಣಿ ಒಣಗಿಸಿ, ಸೋಫಾದ ದಿಂಬುಗಳನ್ನು ಹಿಂಡಿ ಬಿಸಿಲಿಗೆ ಹಾಕಿ ಬರುವಷ್ಟರಲ್ಲಿ ಗಂಟಲು ಕೆರೆಯತೊಡಗಿತ್ತು.

ಸಂಜೆ ಹೆಂಡತಿ ಬಂದಳು. ಮೇಸ್ತ್ರಿ ಅವಳ ಮುಖವನ್ನೇ ಹುಡುಕಿದ. ಅತ್ತ ಗುರುತಿಲ್ಲ, ಕಾಡಿಗೆ ಕದಡಿಲ್ಲ. ಮುಖ ತೊಳೆದು ಒರೆಸಿದಂತೆ ಶಾಂತ!

"ಹೇಗಿತ್ತು? ಬೇಡ ಬೇಡ, ಹೇಳ್ಬೇಡ! ಅತ್ಯಾ, ನಕ್ಯಾ, ಅಷ್ಟು ಮಾತ್ರ... ಅಯ್ಯೋ, ಅದೂ ಬೇಡ!"

"ಹೇಳೋದಿಲ್ಲ. ಪ್ರಮಾಣ ಅಂದ್ರೆ ಪ್ರಮಾಣ. ನೀವು ಗೋಗರೆದ್ರೂ ನನಗೆ ಕೇಳಿಸಬಾರದು," ಎಂದವಳೇ ಮೇಜಿನ ಮೇಲಿದ್ದ ಅವನ ಹತ್ತಿಯನ್ನು ತೆಗೆದು ತನ್ನ ಕಿವಿಗೆ ತುರುಕಿಕೊಂಡಳು. ಸೆರಗಿನ ಮರೆಯಿಂದ ಒಂದು ಟಿಕೇಟು ತೆಗೆದು ಅವನ ಕೈಗಿಟ್ಟಳು. ಮುಂದಿನ ವಾರದ್ದು. ನಡುವಿನ ಕುರ್ಚಿ.

ಮೇಸ್ತ್ರಿಯ ಕೋಪವೆಲ್ಲ ಜರ್ರನೆ ಇಳಿದುಹೋಯಿತು. ಎಂಥ ಹೆಂಡತಿ! ಕೈ ಸುಲಿಸಿಕೊಂಡೂ ತನ್ನ ಅಜ್ಜನನ್ನು ತನಗಾಗಿ ಕಾಪಾಡಿ ತಂದಿದ್ದಾಳೆ. ಅಲ್ಲದೆ ಇವಳು ಅತ್ತಿಲ್ಲ ಎಂದರೆ ಏನರ್ಥ? ಅಜ್ಜ ಉಳಿದಿದ್ದಾನೆ! ಉಳಿದೇ ಉಳಿದಿದ್ದಾನೆ! ಒಂದು ವಾರ ತಾನೆ, ಕಣ್ಣುಮುಚ್ಚಿ ತೆರೆಯುವುದರಲ್ಲಿ ಕಳೆಯುತ್ತದೆ. ಸಂತೋಷಕ್ಕೆ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಮಾತಿನ ಬದಲು ಮಧ್ಯಾಹ್ನದಿಂದ ಎದೆಯಲ್ಲಿ ಕಟ್ಟಿದ್ದ ಕೆಮ್ಮು ಖೊಕ್ಕೆಂದು ಹೊರಬಂತು.

ಹೆಂಡತಿ ಗಾಬರಿಯಿಂದ ಅವನ ಹಣೆ ಮುಟ್ಟಿ ನೋಡಿದಳು.

"ಅಯ್ಯೋ ರೀ, ಕೆಮ್ತಾ ಇದೀರಲ್ರೀ! ಬೇಗ ಬಟ್ಟೆ ಬದಲಾಯಿಸಿ! ಕೆಮ್ಮಿದೋರ ಗತಿ ಏನಾಗುತ್ತೆ ಅಂತ ಈಗ ತಾನೇ ನೋಡ್ಕೊಂಡು ಬಂದಿದೀನಿ!"

ಮರುಕ್ಷಣವೇ ಅವಳು ನಾಲಿಗೆ ಕಚ್ಚಿಕೊಂಡಳು. ಆದರೆ ಹತ್ತಿ ಇದ್ದದ್ದು ಅವಳ ಕಿವಿಯಲ್ಲಿ. ಮೇಸ್ತ್ರಿಯ ಎರಡು ಕಿವಿಗಳೂ ಖಾಲಿ ಇದ್ದವು.