ಕರಕ್ ಕೋಟೆಗೆ ನಾಲ್ಕನೆಯ ದಂಡಯಾತ್ರೆ

ಮದುವೆಯಾದಂದಿನಿಂದ ಮುಂಧಿರ್ ಮೂರು ಬಾರಿ ಕರಕ್ ಊರಿಗೆ ಹೋಗಿದ್ದ. ಮೂರು ಬಾರಿಯೂ ಕರಕ್ ಕೋಟೆಯನ್ನು ನೋಡದೆಯೇ ಹಿಂದಿರುಗಿದ್ದ. ಅಮ್ಮಾನ್‌ನ ಶಾಲೆಯೊಂದರಲ್ಲಿ ಭೌತಶಾಸ್ತ್ರ ಬೋಧಿಸುವ, ಕಣ್ಣಾರೆ ಕಾಣದ್ದನ್ನು ನಂಬದ ಮನುಷ್ಯನಿಗೆ ಇದು ಸಣ್ಣ ಅವಮಾನವಲ್ಲ. ಹಳೆಯ ಮುತ್ತಿಗೆಗಳಲ್ಲಿ ಕವಣೆಯಂತ್ರಗಳ ಕಲ್ಲುಗುಂಡುಗಳು ಆ ಕೋಟೆಯ ಗೋಡೆಗೆ ಯಾವ ಕೋನದಲ್ಲಿ ಬಡಿದವೆಂಬುದನ್ನು ಆತ ಬೆರಳಿಟ್ಟು ಪರೀಕ್ಷಿಸಬೇಕಿತ್ತು. ಆದರೆ ಕೋಟೆಗೂ ಅವನಿಗೂ ನಡುವೆ ಕೋಟೆಗಿಂತ ದುರ್ಭೇದ್ಯವಾದ ತಡೆಯೊಂದಿತ್ತು: ಹೆಂಡತಿಯ ದೊಡ್ಡಮ್ಮ ಉಮ್ ಘಾಲಿಬ್. ಅವರ ಮನೆಯಲ್ಲಿ ಉಣ್ಣದೆ ಆ ಊರಿನಲ್ಲಿ ಉಸಿರಾಡುವಂತಿರಲಿಲ್ಲ. ಉಂಡ ಮೇಲೆ ಉಸಿರಾಡಲು ಆಗುತ್ತಿರಲಿಲ್ಲ.

ಈ ಸಲ ಗುಟ್ಟಾಗಿ ಹೋಗಿಬರುವ ತಂತ್ರ ಹೂಡಿದ.

"ದೊಡ್ಡಮ್ಮನಿಗೆ ಗೊತ್ತಾದ್ರೆ ನನ್ನ ಮಾನ ಹೋಗತ್ತೆ ರೀ," ಎಂದಳು ಹೆಂಡತಿ ರುದೈನಾ, ಕಾರಿನಲ್ಲಿ.

"ಹೇಗೆ ಗೊತ್ತಾಗತ್ತೆ? ಕೋಟೆ ನೋಡ್ತೀವಿ, ಬರ್ತೀವಿ. ಎಲ್ಲಾ ಲೆಕ್ಕ ಹಾಕಿದೀನಿ."

"ಅಲ್ಲಿ ಅರ್ಧ ಊರು ನಮ್ಮ ನೆಂಟರು. ಅದನ್ನೂ ಹಾಕ್ಕೊಂಡ್ರಾ ಲೆಕ್ಕಕ್ಕೆ?"

ಹಾಕಿಕೊಂಡಿರಲಿಲ್ಲ. ಕೋಟೆಯ ಬಾಗಿಲಲ್ಲಿ ಟಿಕೆಟ್ ಕೊಡುತ್ತಿದ್ದವನು ದೊಡ್ಡಮ್ಮನ ಮೈದುನ ಅವ್ವಾದ್. ಮುಂಧಿರ್ ಚಾಚಿದ ನೋಟನ್ನು ಅವನು ಚೇಳನ್ನು ಕೊಡವುವಂತೆ ಆಚೆ ತಳ್ಳಿದ.

"ನಮ್ಮನೆ ಅಳಿಯಂದ್ರಿಗೆ ಟಿಕೆಟ್ಟಾ? ನನ್ನ ಮುಖಕ್ಕೆ ಮಸಿ ಬಳೀಬೇಕು ಅಂತಿದೀರಾ? ಅತ್ತಿಗೆಗೆ ಈಗ್ಲೇ ಫೋನ್ ಮಾಡ್ತೀನಿ, ಮೊದ್ಲು ಊಟ ಮುಗಿಸಿ ಬನ್ನಿ. ಕೋಟೆ ಮುತ್ತಜ್ಜನ ಮುತ್ತಜ್ಜನ ಕಾಲದಿಂದ ಇಲ್ಲೇ ನಿಂತಿದೆ, ಇವತ್ತು ಓಡಿ ಹೋಗತ್ತಾ?"

ಹೀಗೆ, ದಂಡೆತ್ತಿ ಬಂದವನು ಬಾಗಿಲಲ್ಲೇ ಸೆರೆಯಾದ. ದೊಡ್ಡಮ್ಮನ ನಡುಮನೆಯಲ್ಲಿ ಮನ್ಸಫ್‌ನ ಪರಾತ ಇಳಿಯಿತು: ಅನ್ನದ ಗುಡ್ಡ, ಅದರ ನೆತ್ತಿಗೆ ಕುರಿಮಾಂಸ, ಮೇಲಿನಿಂದ ಬಿಸಿ ಮೊಸರಿನ ಧಾರೆ. ಮುಂಧಿರ್ ಆ ಗುಡ್ಡವನ್ನು ತನ್ನ ಕಡೆಯಿಂದ ಕೊರೆದಷ್ಟೂ ದೊಡ್ಡಮ್ಮ ಮಾಂಸದ ತುಂಡುಗಳನ್ನು ಸುರಿದು ಬಿರುಕು ಮುಚ್ಚುತ್ತಿದ್ದರು. (ದ್ರವ್ಯಕ್ಕೆ ನಾಶವಿಲ್ಲವೆಂಬ ನಿಯಮಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ಅವನ ಪ್ರಯೋಗಶಾಲೆಯಲ್ಲೂ ಇರಲಿಲ್ಲ.) ಕಿಟಕಿಯಾಚೆ ಕೋಟೆಯ ಗೋಡೆ ಹೊಂಬಣ್ಣಕ್ಕೆ ತಿರುಗಿತು, ಬಾಗಿಲು ಮುಚ್ಚುವ ಹೊತ್ತೂ ಮೀರಿತು. ಅವ್ವಾದ್ ಕೆಲಸ ಮುಗಿಸಿ ಬಂದು ಪಕ್ಕದಲ್ಲಿ ಕೂತ.

ದೊಡ್ಡಮ್ಮ ಸೆರಗಿನಂಥ ತಲೆವಸ್ತ್ರದ ತುದಿಯನ್ನು ಕಣ್ಣಿಗೊತ್ತಿಕೊಂಡರು. "ನಿಜ ಹೇಳಪ್ಪಾ. ನನ್ನ ಬಾಗಿಲಿಗೆ ಬರೋ ಮುಂಚೆ ಆ ಕಲ್ಲಿನ ಬಾಗಿಲಿಗೆ ಯಾಕೆ ಹೋದೆ?"

ರುದೈನಾ ಗಂಡನ ತೊಡೆಯನ್ನು ಚಿವುಟಿದಳು. ಪ್ರಮಾಣವಿಲ್ಲದೆ ಒಂದು ಮಾತೂ ಆಡದ ಆ ವಿಜ್ಞಾನನಿಷ್ಠ ಬಾಯಿ ತೆರೆಯಿತು:

"ಅಯ್ಯೋ ದೊಡ್ಡಮ್ಮ, ಕೋಟೆ ಯಾರಿಗೆ ಬೇಕು? ಹಳೇ ಕಲ್ಲು! ನಿಮ್ಮನೆ ದಾರಿ ಮರೆತುಹೋಗಿ ಕೇಳೋಕೆ ನಿಂತಿದ್ದೆ ಅಷ್ಟೇ. ಬಂದಿದ್ದೇ ನಿಮ್ಮನ್ನ ನೋಡೋಕೆ."

ದೊಡ್ಡಮ್ಮನ ಮುಖ ಅರಳಿತು. "ಕೇಳಿಸ್ತೇನೋ ಅವ್ವಾದ್! ಲೋಕವೆಲ್ಲಾ ಕೋಟೆಗೆ ಬರತ್ತೆ, ನಮ್ಮ ಅಳಿಯ ನನಗೋಸ್ಕರ ಬರ್ತಾನೆ!"

"ಸದ್ಯ, ಬದುಕಿದೆ," ಎಂದು ಅವ್ವಾದ್ ನಿಟ್ಟುಸಿರು ಬಿಟ್ಟು, ಕೋಟೆ ಬಾಗಿಲಿನ ಅಂಗೈಯುದ್ದದ ಕಬ್ಬಿಣದ ಕೀಲಿಕೈಯೊಂದನ್ನು ಜೇಬಿನಿಂದ ತೆಗೆದು ತೋರಿಸಿದ. "ಪಾಪ, ಆಸೆ ಇರತ್ತೇನೋ ಅಂತ ಮೇಲಿನವರನ್ನ ಕಾಡಿಬೇಡಿ ಒಪ್ಪಿಸಿ ತಂದಿದ್ದೆ. ಗದ್ದಲ ಇಲ್ದೆ ನೀವೊಬ್ರೇ ಕತ್ತಲಾಗೋವರೆಗೂ ನೋಡಬಹುದಿತ್ತು."

ಕೀಲಿಕೈಯನ್ನು ಮತ್ತೆ ಜೇಬಿಗಿಳಿಸಿ ಅವನು ತೋಳು ಮಡಚಿದ.

"ಇನ್ನೇನು ಅವಸರ? ಅತ್ತಿಗೆ, ನೋಡಿ, ಅಳಿಯಂದ್ರ ಮುಂದೆ ಖಾಲಿಯಾಗಿದೆ."