ಸೋತವರ ಸಚಿವ ಸಂಪುಟ

ಅಮೆರಿಕದ ಬೇ ಏರಿಯಾದಲ್ಲಿರುವ ನಮ್ಮ ಪುಟ್ಟ ಕನ್ನಡ ಸಂಘದಲ್ಲಿ ಗೆದ್ದವರಿಗಿಂತ ಸೋತವರಿಗೇ ಪುರುಸೊತ್ತು ಕಡಿಮೆ. ಸೋತವರಲ್ಲಿ ನಾನೂ ಒಬ್ಬ, ಅನುಭವದಿಂದ ಹೇಳುತ್ತಿದ್ದೇನೆ.

ಖಾತೆ ಹಂಚಿಕೆ

ಹೋದ ಚುನಾವಣೆಯಲ್ಲಿ ನಮ್ಮ ಗುಂಪು ಮಕಾಡೆ ಮಲಗಿತು. ಗೆದ್ದವರು ಮಕ್ಕಳ ಕನ್ನಡ ಕ್ಲಾಸು ಮುಚ್ಚುತ್ತಾರಂತೆ ಎಂಬ ಸುದ್ದಿ ಬೇರೆ. ಮರುದಿನವೇ ನಮ್ಮ ನಾಯಕರು, ಧಾರವಾಡ ಕಡೆಯ ನಿವೃತ್ತ ಡಾಕ್ಟರು, ಮಿಲ್ಪಿಟಾಸ್‌ನ ತಮ್ಮ ಮನೆಗೆ ಎಲ್ಲರನ್ನೂ ಕರೆಸಿದರು.

“ಕೆಲವು ದೇಶದ ಪಾರ್ಲಿಮೆಂಟಿನಾಗ ಸೋತ ಪಕ್ಷದವರು ನೆರಳು ಸಂಪುಟ ಮಾಡ್ತಾರ. ಅವರ ಒಬ್ಬೊಬ್ಬ ಮಂತ್ರಿಗೆ ನಮ್ಮವ ಒಬ್ಬ. ಅವ ತಪ್ಪಿದಲ್ಲೆ ಇವ ಹಿಡೀಬೇಕು. ಕ್ಲಾಸು ಉಳಿಯೂತನಕ ಬಿಡೂದಿಲ್ಲ!”

ನನಗೆ ಆಹಾರ ಖಾತೆ ಬಂತು. ಗೆದ್ದ ಗುಂಪಿನ ಆಹಾರ ಕಾರ್ಯದರ್ಶಿ ನನ್ನ ಹೆಂಡತಿ.

“ಡಾಕ್ಟ್ರೇ, ಬೇರೆ ಯಾರಿಗಾದ್ರೂ ಕೊಡಿ” ಅಂದೆ.

“ಛೇ, ನಿಮಗ ಅನುಭವ ಅದ. ಮದುವಿ ಆದಾಗಿಂದ ಆಕಿ ನೆರಳಾಗೇ ಇದ್ದೀರಿ” ಅಂದರು.

ಉಪ್ಪಿನ ತನಿಖೆ

ಯುಗಾದಿ ಕಾರ್ಯಕ್ರಮ ನೆವಾರ್ಕ್‌ನಲ್ಲಿ. ಬಿಸಿಬೇಳೆಬಾತ್ ಸಪ್ಪೆ. ಸಿಕ್ಕಿತಲ್ಲ ಅಂತ ನೋಟ್‌ಬುಕ್ ಹಿಡಿದು ಬಡಿಸುವಲ್ಲಿಗೇ ಹೋದೆ.

“ಉಪ್ಪು ಕಮ್ಮಿ ಇದೆ. ಹಾಕಿದ್ದು ಯಾರು? ಹೆಸರು ಬೇಕು.”

ಹೆಂಡತಿ ಸೌಟು ಕೆಳಗಿಡಲೂ ಇಲ್ಲ. “ಬೆಳಿಗ್ಗೆ ನಾನು ಸ್ನಾನಕ್ಕೆ ಹೋಗ್ತಾ, ಉಪ್ಪು ಹಾಕಿ ಅಂತ ಯಾರಿಗೆ ಹೇಳಿದ್ದೆ?”

ಸಾಲು ಪೂರ್ತಿ ನಕ್ಕಿತು. ಡಾಕ್ಟರು ಮಾತ್ರ ಲಿಖಿತ ವರದಿ ಬೇಕೇ ಬೇಕು ಅಂದರು. ಬರೆದುಕೊಟ್ಟೆ: “ತಪ್ಪಿತಸ್ಥ ಪತ್ತೆಯಾಗಿದ್ದಾನೆ. ವಿಚಾರಣೆ ಮನೆಯಲ್ಲಿ ಮುಂದುವರಿದಿದೆ.”

ಪಾರ್ಕಿಂಗ್ ಮಂತ್ರಿ

ಅದೇ ದಿನ ನಮ್ಮ ಪಾರ್ಕಿಂಗ್ ಮಂತ್ರಿ, ಮೌಂಟನ್ ವ್ಯೂನ ಎಂಜಿನಿಯರ್ ಹುಡುಗಿ, ಅವ್ಯವಸ್ಥೆಯ ಫೋಟೋ ತೆಗೆಯಲು ಹೊರಗೆ ನಿಂತಿದ್ದಳು. ಕಾರೊಂದರಿಂದ ಅಜ್ಜಿಯೊಬ್ಬರು ತಲೆ ಹೊರಗೆ ಹಾಕಿ, “ಎಲ್ಲಿ ನಿಲ್ಲಿಸೋದಮ್ಮ?” ಅಂದರು. ಪಾಪ, ಕೈ ತೋರಿಸಿದಳು. ಹಿಂದಿನ ಕಾರಿನವರೂ ಅವಳನ್ನೇ ಕೇಳಿದರು. ಎರಡು ಗಂಟೆ ಬಿಸಿಲಲ್ಲಿ ನಿಂತು ಒಂದು ಕಾರೂ ಅಡ್ಡ ನಿಲ್ಲದಂತೆ ನೋಡಿಕೊಂಡಳು. ಗೆದ್ದ ಗುಂಪಿನ ಅಧ್ಯಕ್ಷರು ಅವಳನ್ನು ಸ್ಟೇಜಿಗೆ ಕರೆದು ಶಾಲು ಹೊದಿಸಿದರು.

“ಅವ್ಯವಸ್ಥೆ ಫೋಟೋ ಎಲ್ಲಿ ಅದವ್ವಾ?” ಅಂತ ಡಾಕ್ಟರು.

“ಸಾರಿ ಅಂಕಲ್, ಅವ್ಯವಸ್ಥೆ ಆಗೋಕೆ ನಾನೇ ಬಿಡ್ಲಿಲ್ಲ.”

ಖಂಡನಾ ನಿರ್ಣಯ

ಕೊನೆಗೆ ಸರ್ವ ಸದಸ್ಯರ ಸಭೆ. ಕ್ಲಾಸು ಉಳಿಸಲು ಡಾಕ್ಟರು ತಿಂಗಳುಗಟ್ಟಲೆ ಕೂತು ಮೂವತ್ತು ಪ್ರಶ್ನೆ ಬರೆದಿದ್ದರು. ಗಂಟಲು ಕೈಕೊಟ್ಟೀತೆಂದು ಬಿಸಿನೀರಿನ ಫ್ಲಾಸ್ಕು ಬೇರೆ. ಎದ್ದು ಮೊದಲನೆಯದನ್ನು ಗುಡುಗಿದರು: “ಕನ್ನಡ ಕ್ಲಾಸು ಮುಂದುವರಿಸ್ತೀರೋ ಇಲ್ಲೋ?”

“ಮುಂದುವರಿಸ್ತೀವಿ ಸಾರ್. ಹೊಸ ಟೀಚರ್ ಕೂಡ ಸಿಕ್ಕಿದ್ದಾರೆ” ಅಂದರು ಅಧ್ಯಕ್ಷರು.

ನಾವೆಲ್ಲ ಚಪ್ಪಾಳೆ ತಟ್ಟಿದೆವು. ನನಗಂತೂ ಕಣ್ಣು ತುಂಬಿತು. ಡಾಕ್ಟರು ಮಾತ್ರ ಕೂರಲಿಲ್ಲ.

“ಹಿಂಗ ಒಮ್ಮೆಲೇ ಒಪ್ಪಿದ್ರ ಹೆಂಗ್ರೀ? ಇನ್ನೂ ಇಪ್ಪತ್ತೊಂಬತ್ತು ಪ್ರಶ್ನೆ ಉಳದಾವ!”

“ಅವಕ್ಕೂ ಒಪ್ಪಿಗೆ ಸಾರ್. ಊಟ ಆರ್ತಾ ಇದೆ.”

“ಪ್ರಶ್ನೆ ಕೇಳೂದಕ್ಕಿಂತ ಮೊದಲ ಉತ್ತರ ಕೊಟ್ಟ ಈ ಆಡಳಿತದ ವಿರುದ್ಧ ಖಂಡನಾ ನಿರ್ಣಯ ಮಂಡಿಸ್ತೀನಿ! ಪರವಾಗಿದ್ದವರು ಕೈ ಎತ್ರಿ!”

ಎಲ್ಲರಿಗಿಂತ ಮೊದಲು ಮೇಲೆದ್ದ ಕೈ ಅಧ್ಯಕ್ಷರದ್ದು. ಇನ್ನೊಂದು ಕೈಯಲ್ಲಿ ಆಗಲೇ ತಟ್ಟೆ ಇತ್ತು.