ಓಡಿದೆ, ಓಡಿಹೋಗಲಿಲ್ಲ

ಜನವರಿ ಹದಿಮೂರು, ಸೋಮವಾರ, ಬೆಳಗ್ಗೆ ಹತ್ತೂ ಇಪ್ಪತ್ತು. ಬ್ಯಾಡಗಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಇದನ್ನು ಶುರುಮಾಡಿದ್ದೇನೆ. ಕೂತು ಎಂದು ಸಲೀಸಾಗಿ ಬರೆದೆನಾದರೂ, ಕೂರುವುದಕ್ಕೆ ಗೋಡೆ, ಬಾಗಿಲು ಮತ್ತು ನನ್ನ ಅಮ್ಮಿಯ ಹೆಗಲು ಮೂರೂ ಬೇಕಾದವು. ಏಳುವುದು ಹೇಗೆಂದು ಇನ್ನೂ ಯೋಚಿಸಿಲ್ಲ. ನಮ್ಮ ಕಡೆ ಮನುಷ್ಯ ಓಡುವುದಕ್ಕೆ ನಾಲ್ಕೇ ಕಾರಣಗಳನ್ನು ಜನ ಒಪ್ಪುತ್ತಾರೆ. ಬಸ್ಸು ಹೊರಟಿರಬೇಕು, ನಾಯಿ ಬೆನ್ನು ಹತ್ತಿರಬೇಕು, ಇಲ್ಲವೇ ಪೊಲೀಸ್ ಭರ್ತಿಗೆ ತಯಾರಿ ನಡೆದಿರಬೇಕು. ನಾಲ್ಕನೆಯ ಕಾರಣವನ್ನು ಆಮೇಲೆ ಹೇಳುತ್ತೇನೆ. ಅದೇ ನಿನ್ನೆ ನನ್ನನ್ನು ಮುಳುಗಿಸಿದ್ದು. ಈ ನಾಲ್ಕರಲ್ಲಿ ಯಾವುದೂ ಇಲ್ಲದೆ, ಇಪ್ಪತ್ತಾರು ವರ್ಷದ ಹುಡುಗಿಯೊಬ್ಬಳು ಸುಮ್ಮನೆ ಐವತ್ತು ಕಿಲೋಮೀಟರ್ ಓಡಬಹುದು ಎಂಬುದನ್ನು ಒಪ್ಪುವವರು ಹಾವೇರಿ ಜಿಲ್ಲೆಯಲ್ಲಿ ನನಗೆ ಸಿಕ್ಕಿಲ್ಲ. ನಿನ್ನೆ ಸಂಜೆಯಿಂದ ನಾನೂ ಒಪ್ಪದವರ ಸಾಲಿಗೆ ಸೇರಿದ್ದೇನೆ.

ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಒಂದರಲ್ಲಿ ನನ್ನ ನೌಕರಿ. ಎರಡು ತಾಸಿಗೊಮ್ಮೆ ಪ್ರತಿ ಕೋಣೆಯೊಳಗೆ ಹೋಗಿ ಅಲ್ಲಿನ ಥಂಡಿ ಎಷ್ಟಿದೆ ಎಂದು ನೋಡಿ ಬರೆಯಬೇಕು. ಬರೆದು ಬರೆದು ಅದೇ ಚಟವಾಗಿ, ಮನೆಯಲ್ಲಿ ಹಾಲು ಉಕ್ಕಿದರೂ ಎಷ್ಟು ಗಂಟೆಗೆ ಎಂದು ಗುರುತು ಹಾಕಿಕೊಳ್ಳುವ ಸ್ವಭಾವ ನನ್ನದಾಯಿತು. ಹೊರಗೆ ಬಿಸಿಲು, ಒಳಗೆ ಚಳಿ, ಎರಡರ ನಡುವೆ ಘಾಟು. ಈ ಮೂರರಿಂದ ತಪ್ಪಿಸಿಕೊಳ್ಳಲು ಹುಡುಕುತ್ತಿದ್ದಾಗ ಯಾರೋ ಫೋನಿನಲ್ಲಿ ಟ್ರೇಲ್ ರನ್ನಿಂಗಿನ ವಿಡಿಯೋ ತೋರಿಸಿದರು. ಡಾಂಬರು ರಸ್ತೆ ಬಿಟ್ಟು ಬಂಡಿದಾರಿ, ಹೊಲದ ಬದು, ಕುರುಚಲು ಗುಡ್ಡ, ಕಾಲುವೆಯ ಏರಿ ಇವುಗಳ ಮೇಲೆ ಓಡುವುದಕ್ಕೆ ಆ ಹೆಸರು. ಬಂಡಿ ಹೋಗುವ ಕಡೆ ಬಂಡಿಯಿಲ್ಲದೆ, ಕುರಿ ಹೋಗುವ ಕಡೆ ಕುರಿಯಿಲ್ಲದೆ, ಮೇಲೆ ಕೈಯಿಂದ ದುಡ್ಡು ಕೊಟ್ಟು ಹೋಗುವುದು ಎಂದು ನನ್ನ ಅಬ್ಬಾ ಅದನ್ನು ಅರ್ಥ ಮಾಡಿಕೊಂಡರು. ಅಬ್ಬಾ ಗಾದಿ ಹೊಲಿಯುವವರು. ಜನ ಹಾಯಾಗಿ ಮಲಗಲಿ ಎಂದು ಆಯುಷ್ಯವೆಲ್ಲ ಹತ್ತಿ ತುಂಬಿದ ಮನುಷ್ಯನಿಗೆ ನಸುಕಿನಲ್ಲೆದ್ದು ಓಡುವ ಮಗಳು ಹುಟ್ಟಿದ್ದು ಧಂದೆಗೆ ಆದ ಅವಮಾನ.

ತಾಲೀಮಿನ ಕಷ್ಟ ಕಾಲಿನದಲ್ಲ, ಜನರ ಪ್ರೀತಿಯದು. ಕಾಗಿನೆಲೆ ರಸ್ತೆಯಿಂದ ಒಳಗೆ ತಿರುಗುವ ಒಂದು ಬಂಡಿದಾರಿ ನನ್ನದು. ಆ ತಿರುವು ಮುಟ್ಟುವ ತನಕ ಡಾಂಬರಿನ ಮೇಲೆಯೇ ಓಡಬೇಕು. ಬೈಕಿನವರು ನಿಲ್ಲಿಸಿ, "ಹತ್ರಿ ಅಕ್ಕಾರ, ಬಿಡ್ತೇನಿ" ಅನ್ನುತ್ತಾರೆ. ಬೇಡವೆಂದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಕಾಗಿನೆಲೆಗೆ ಹೊರಟ ಯಾತ್ರಿಕರ ಟೆಂಪೋ ಒಂದು ನನ್ನ ಪಕ್ಕದಲ್ಲೇ ಮೆಲ್ಲಗೆ ಬರುತ್ತ, ಒಳಗಿನ ಹೆಂಗಸರೆಲ್ಲ ಸರಿದು ಜಾಗ ಮಾಡಿ, ಖಾಲಿ ಜಾಗವನ್ನು ಕೈಯಿಂದ ತಟ್ಟಿ ತೋರಿಸಿದ್ದೂ ಉಂಟು. ಎಲ್ಲಕ್ಕಿಂತ ಕೆಟ್ಟದ್ದು ಬಸ್ಸಿನದು. ನನ್ನನ್ನು ಕಂಡ ಕಂಡಕ್ಟರ್ ಸೀಟಿ ಊದಿ ತುಂಬಿದ ಬಸ್ಸು ನಿಲ್ಲಿಸಿ, ಬಾಗಿಲಲ್ಲಿ ಜೋತು ಬಿದ್ದು, "ಲಗೂ ಬಾರವಾ, ನಿನ್ನ ಸಲುವಾಗೇ ನಿಲ್ಲಿಸೇನಿ!" ಎಂದ.

"ನಾನು ಬಸ್ಸಿಗೆ ಓಡಾಕತ್ತಿಲ್ರಿ. ಸುಮ್ನ ಓಡಾಕತ್ತೇನಿ."

"ಹೆಣ್ಣಮಕ್ಕಳಿಗೆ ಬಸ್ ಫ್ರೀ ಐತಿ. ಆಧಾರ್ ಕಾರ್ಡ್ ಮರತೀಯೇನು? ಇರಲಿ ಹತ್ತು, ಯಾರೂ ಕೇಳೂದಿಲ್ಲ."

ಬಸ್ಸಿನ ಕಿಟಕಿಗಳ ತುಂಬ ಮುಖ. ನಾಚಿಕೆಗೆ ಹತ್ತಿಬಿಟ್ಟೆ. ಕಾಗಿನೆಲೆಯಲ್ಲಿ ಇಳಿದು, ಅದೇ ಬಸ್ಸು ತಿರುಗಿ ಬರುವಾಗ ಮತ್ತೆ ಹತ್ತಿ ಮನೆಗೆ ಬಂದೆ. ಡೈರಿಯಲ್ಲಿ ಆ ದಿನದ ಓಟದ ಎದುರು ಸೊನ್ನೆ ಹಾಕಿದ್ದೇನೆ. ಅಂದಿನಿಂದ ಲಿಫ್ಟು, ಚಹಾ, ನಾಯಿ ಎಂದು ಮೂರು ಕಾಲಂ ಮಾಡಿ ಗೀಟು ಹಾಕತೊಡಗಿದೆ. ನಾಯಿಗಳ ಕಾಲಂ ಎಲ್ಲಕ್ಕಿಂತ ಚಿಕ್ಕದು. ಆ ಒಂದು ಜಾತಿ ಮಾತ್ರ ನಾನು ಓಡುವುದನ್ನು ಪ್ರೋತ್ಸಾಹಿಸಿತು.

ಇದಕ್ಕೆ ಮೊದಲು ಎರಡು ಪಂದ್ಯಗಳಲ್ಲಿ ಸೋತಿದ್ದೆ. ಮೊದಲನೆಯದರಲ್ಲಿ ಎರಿಮಣ್ಣಿನ ಹೊಲ ನನ್ನ ಬಲಗಾಲಿನ ಬೂಟನ್ನು ಹಿಡಿದುಕೊಂಡು ಮುಂದಕ್ಕೆ ನನ್ನೊಬ್ಬಳನ್ನೇ ಕಳಿಸಿತು. ಎರಡನೆಯದರಲ್ಲಿ ದಾರಿ ತಪ್ಪಿ, ಕುರಿಗಳಿಗೆ ಗೊತ್ತಿರಬಹುದೆಂದು ಅವುಗಳ ಹಿಂದೆ ಹೋಗಿ, ಅವುಗಳ ದೊಡ್ಡಿ ಮುಟ್ಟಿದೆ. ಆವತ್ತು ಅಮ್ಮಿ ಖಡಾಖಂಡಿತ ಹೇಳಿದಳು: "ಇನ್ನೊಂದು ಸಲ. ಮುಗಿಸಿದರೆ ನಿನ್ನ ತಂಟೆಗೆ ಯಾರೂ ಬರುವುದಿಲ್ಲ. ಮುಗಿಸದಿದ್ದರೆ ಬೂಟು ಅಟ್ಟದ ಮೇಲೆ, ನೀನು ಮನೆಯೊಳಗೆ." ನಮ್ಮ ಮನೆಯಲ್ಲಿ ಅಟ್ಟಕ್ಕೆ ಹೋದದ್ದು ಕೆಳಗೆ ಬಂದ ದಾಖಲೆ ಇಲ್ಲ. ಬೆಳಗಿನ ಆ ಒಂದು ತಾಸು ಇರದಿದ್ದರೆ ಉಳಿದ ದಿನವೆಲ್ಲ ನನಗೆ ಆ ಥಂಡಿ ಕೋಣೆಗಳೇ. ಆದ್ದರಿಂದ ನಿನ್ನೆ ರಾಣೆಬೆನ್ನೂರಿನ ಹೊರಗಿನ ಮೈದಾನದಲ್ಲಿ ಬೆಳಗ್ಗೆ ಆರಕ್ಕೆ ನಿಂತಾಗ ನನ್ನ ಪಾಲಿಗೆ ಅದು ಪದಕದ ಪ್ರಶ್ನೆಯಾಗಿರಲಿಲ್ಲ. ದಾರಿ ಹೀಗಿತ್ತು: ಕುರುಚಲು ಕಾಡಿನ ಅಂಚು, ಎರಡು ಗುಡ್ಡ, ಹೊಲಗಳು, ಆಮೇಲೆ ಹೊಳೆ ದಂಡೆಯ ಐರಣಿ. ಅಲ್ಲಿಗೆ ಮೂವತ್ನಾಲ್ಕು ಕಿಲೋಮೀಟರ್. ಮಧ್ಯಾಹ್ನ ಒಂದು ಗಂಟೆಯೊಳಗೆ ಐರಣಿಯ ಟೇಬಲ್ ಮುಟ್ಟಿದವರು ಮುಂದೆ ಓಡಬಹುದು. ತಡವಾದವರನ್ನು ಅಲ್ಲಿಯೇ ನಿಲ್ಲಿಸುತ್ತಾರೆ. ದಾರಿಯಲ್ಲಿ ಗಾಡಿ ಹತ್ತಿದವರು ಆಟದಿಂದ ಹೊರಗೆ.

ಹನ್ನೆರಡೂ ಇಪ್ಪತ್ತಕ್ಕೆ ನನಗೆ ಐರಣಿ ಇನ್ನು ಮೂರೇ ಕಿಲೋಮೀಟರ್ ಇತ್ತು. ಎಲ್ಲರಿಗಿಂತ ಹಿಂದೆ ಇದ್ದೆನಾದರೂ ಲೆಕ್ಕದ ಒಳಗೇ ಇದ್ದೆ. ಕಾಲುವೆಯ ಕೆಸರು ಮೊಣಕಾಲಿಗೆ, ಜಾಲಿಮುಳ್ಳಿನ ಗೀರು ಕೈಗೆ, ಬೆನ್ನಿಗೆ ನೀರಿನ ಚೀಲ, ಎದೆಗೆ ಪಿನ್ನು ಚುಚ್ಚಿದ ನಂಬರು. ನಾಯಿ ಬಂತೇನೋ ಎಂದು ಹತ್ತು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತ ಓಡುತ್ತಿದ್ದೆ. ಹತ್ತಿ ಬಿಡಿಸುವ ನಾಲ್ಕೈದು ಹೆಂಗಸರು ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದ್ದರು; ಪಕ್ಕದಲ್ಲಿ ನಿಂತ ಅವರ ಟ್ರ್ಯಾಕ್ಟರಿನ ಮೇಲೆ ಡ್ರೈವರ್ ತೂಕಡಿಸುತ್ತಿದ್ದ. ಅವರಲ್ಲಿ ಹಿರಿಯಳು, ನೀಲವ್ವ ಎಂದು ಆಮೇಲೆ ಗೊತ್ತಾಯಿತು, ರೊಟ್ಟಿ ಕೆಳಗಿಟ್ಟು ದಾರಿಗೆ ಅಡ್ಡ ಬಂದಳು.

"ಯಾಕ ಯವ್ವಾ, ಹಿಂಗ ಒಬ್ಬಾಕೀನ ಎಲ್ಲಿಗೆ ಓಡಾಕತ್ತಿ?"

"ಐರಣಿಗೆ ಅಜ್ಜಿ. ಒಂದು ಗಂಟೆ ಒಳಗ ಮುಟ್ಟಬೇಕು."

"ಮುಟ್ಟಲಿಲ್ಲಂದ್ರ?"

"ಬಿಟ್ಟು ಹೋಗ್ತಾರ."

ನೀಲವ್ವ ಉಳಿದವರ ಮುಖ ನೋಡಿದಳು. "ಮನ್ಯಾಗ ಗೊತ್ತೈತೇನು?"

"ಅಮ್ಮಿಗೆ ಗೊತ್ತೈತಿ. ಅಬ್ಬಾಗ ಪೂರಾ ಗೊತ್ತಿಲ್ಲ." ದೂರ ಎಷ್ಟೆಂದು ಅಬ್ಬಾನಿಗೆ ಹೇಳಿರಲಿಲ್ಲ, ಅಷ್ಟೇ. ಮೂವತ್ತೊಂದು ಕಿಲೋಮೀಟರ್ ಓಡಿದ ತಲೆಗೆ ತಾನು ಏನು ಹೇಳುತ್ತಿದ್ದೇನೆ ಎಂದು ಕೇಳಿಸಿಕೊಳ್ಳುವ ಶಕ್ತಿ ಇರುವುದಿಲ್ಲ.

"ಇದ ಮೊದಲನೇ ಸಲ ಹೌದಲ್ಲ?"

"ಮೂರನೇದು. ಹಿಂದ ಎರಡು ಸಲ ಅರ್ಧಾ ದಾರಿಗೆ ತಿರುಗಿ ಬಂದೇನಿ. ಈ ಸಲಾನೂ ಆಗಲಿಲ್ಲಂದ್ರ ಇನ್ನ ಮನಿ ಬಿಟ್ಟು ಹೊರಗ ಬಿಡೂದಿಲ್ಲ ಅಂದಾರ."

"ಮೂರನೇದು!" ಎಂದು ನೀಲವ್ವ ನನ್ನ ರಟ್ಟೆ ಹಿಡಿದು ಮರದ ಕೆಳಗೆ ಕೂರಿಸಿದಳು. ಒಬ್ಬಳು ನೀರು ಕೊಟ್ಟಳು, ಇನ್ನೊಬ್ಬಳು ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಕೈಗೆ ತುರುಕಿದಳು. "ಸಣ್ಣ ವಯಸ್ಸು, ಹಿಂಗ ಓಡಿ ಬರಬಾರದವಾ. ಓಡಿ ಹೋದವರು ಯಾರು ಸುಖಾ ಉಂಡಾರ ಹೇಳು?" ಎಂದು ಮೂರನೆಯವಳು ನನ್ನ ತಲೆ ಸವರಿದಾಗಲೇ ನನಗೆ ದಿಗ್ಗೆಂದು ಹೊಳೆದದ್ದು. ನಮ್ಮ ಕಡೆ ಓಡುವುದಕ್ಕೆ ಇರುವ ನಾಲ್ಕನೆಯ ಕಾರಣ! ಹುಡುಗಿ ಓಡಿದಳು ಎಂದರೆ ಯಾರ ಜೊತೆಗೆ ಎಂಬುದೇ ಮುಂದಿನ ಪ್ರಶ್ನೆ. ನಮ್ಮ ಮನೆಯ ಉರ್ದುವಿಗೆ ಜಿಗಿದು ಪಾರಾಗೋಣವೆಂದರೆ ಅಲ್ಲಿಯೂ 'ಭಾಗ್ ಗಯೀ' ಎಂದರೆ ಅದೇ ಅರ್ಥ. ಎರಡು ಭಾಷೆ ಬರುತ್ತದೆಂದು ಜಂಬ ಪಡುತ್ತಿದ್ದೆ; ಎರಡೂ ಸೇರಿ ನನ್ನ ಮಾನ ತೆಗೆದವು.

"ಇದು ಆಟ, ಅಜ್ಜಿ! ಇಲ್ಲಿ ನೋಡು, ನಂಬರ್ ಕೊಟ್ಟಾರ" ಎಂದೆ. ಅದು ಇನ್ನೂ ಕೆಟ್ಟಿತು. ನಂಬರಿನ ಚೀಟಿಯನ್ನು ತಿರುಗಿಸಿ ನೋಡಿದರೆ ಹಿಂದೆ, ಆಪತ್ತಿಗೆ ಇರಲೆಂದು, ಅಮ್ಮಿಯ ಫೋನ್ ನಂಬರು. ಇದಕ್ಕಿಂತ ದೊಡ್ಡ ಆಪತ್ತು ಯಾವುದು? ಅವರ ಪೈಕಿ ಒಬ್ಬಳು ತಕ್ಷಣ ಫೋನು ಹಚ್ಚಿ ನೀಲವ್ವನ ಕಿವಿಗೆ ಹಿಡಿದಳು.

"ಯಕ್ಕಾ, ಗಾಬರಿ ಆಗಬ್ಯಾಡ. ನಿನ್ನ ಮಗಳು ಓಡಿ ಬಂದಾಳ. ನಾವು ಹಿಡದು ಕುಂದ್ರಿಸೇವಿ."

ಅಮ್ಮಿಯ ದನಿ ಮರದ ಕೆಳಗಿನ ಎಲ್ಲರಿಗೂ ಕೇಳಿಸಿತು. "ಹೌದ್ರಿ, ಓಡಾಕ ಹೋಗ್ಯಾಳ. ನಾನ ಬೆಳಿಗ್ಗೆ ಎಬ್ಬಿಸಿ ಚಾ ಮಾಡಿ ಕಳಿಸೇನಿ. ಯಾಕ ಹಿಡದೀರಿ? ಬಿಡ್ರಿ ಆಕೀನ್ನ, ಹೊತ್ತಾಗ್ತೈತಿ!"

ನೀಲವ್ವ ಫೋನನ್ನು ಕಿವಿಯಿಂದ ತೆಗೆದು ಅದನ್ನೇ ನೋಡಿದಳು. "ಹಡದ ತಾಯಿನ ಚಾ ಕುಡಿಸಿ ಕಳಿಸ್ಯಾಳ" ಎಂದಳು. ಆಮೇಲೆ ಆಕೆ ಸೆರಗು ಸೊಂಟಕ್ಕೆ ಸಿಗಿಸಿ ಎದ್ದಳು. "ತಾಯಿ ಒಪ್ಪ್ಯಾಳಂದ್ರ ನಾವ್ಯಾರು ಬ್ಯಾಡ ಅನ್ನಾಕ? ಆದ್ರ ಹುಡುಗ ಎಂಥಾವ ಅಂತ ನೋಡದ ಕಳಸಂಗಿಲ್ಲ. ನಡೀರಿ, ಎಲ್ಲಾರೂ ಹೋಗೂಣು. ಟ್ರ್ಯಾಕ್ಟರ್ ಹಚ್ಚಲೇ!"

ನಾನು ಕೂಗಿದೆ. ಟ್ರ್ಯಾಕ್ಟರ್ ಬೇಡ, ಗಾಡಿ ಹತ್ತಿದರೆ ನನ್ನ ಬಾಳು ಮುಗಿಯಿತು ಎಂದೆ. "ತಡಾ ಆದ್ರ ಬಿಟ್ಟು ಹೋಗ್ತಾನ ಅಂತ ನೀನ ಅಂದಿಯಲ್ಲ" ಎಂದು ನಾಲ್ಕು ಕೈಗಳು ನನ್ನನ್ನು ಎತ್ತಿ ಟ್ರೇಲರಿನೊಳಗೆ ಹಾಕಿದವು. ಒಳಗೆ ಅಂದು ಬಿಡಿಸಿದ ಹತ್ತಿ. ಗಾದಿ ಹೊಲಿಯುವವರ ಮಗಳಾದ ನಾನು ಅದಕ್ಕಿಂತ ಮೆತ್ತಗಿನ ಹಾಸಿಗೆಯನ್ನು ಕಂಡಿಲ್ಲ. ಅದರ ಮೇಲೆ ಅಂಗಾತ ಬಿದ್ದು, ಬಾಯಲ್ಲಿ ಪುಂಡಿಪಲ್ಯ, ಕಣ್ಣಲ್ಲಿ ನೀರು, ಹನ್ನೆರಡೂ ಐವತ್ತಾರಕ್ಕೆ ಐರಣಿ ಮುಟ್ಟಿದೆ. ಇನ್ನೂ ನಾಲ್ಕು ನಿಮಿಷ ಬಾಕಿ. ಜನ್ಮದಲ್ಲಿ ಮೊದಲ ಸಲ ನಾನು ಹೇಳಿದ ಸಮಯದ ಒಳಗೆ ಒಂದು ಕಡೆ ಮುಟ್ಟಿದ್ದು ಟ್ರ್ಯಾಕ್ಟರಿನಲ್ಲಿ.

ಹೊಳೆ ದಂಡೆಯ ಶಾಮಿಯಾನದ ಕೆಳಗೆ ಟೇಬಲ್ ಹಾಕಿಕೊಂಡು, ಕನ್ನಡಕದ ಹುಡುಗನೊಬ್ಬ ಗಡಿಯಾರ ನೋಡುತ್ತ ಕೂತಿದ್ದ. ನೀಲವ್ವ ನೇರ ಅವನ ಮುಂದೆ ಹೋಗಿ ನಿಂತಳು.

"ಈಕೀನ್ನ ಓಡಿಸಿದವ ನೀನೇನು?"

"ಹೌದಮ್ಮಾ, ನಾವ ಓಡಿಸಾಕತ್ತೇವಿ" ಎಂದ ಅವನು ಹೆಮ್ಮೆಯಿಂದ. "ಒಟ್ಟು ನೂರಾ ಇಪ್ಪತ್ತು ಮಂದೀನ್ನ. ಅದರಾಗ ಹೆಣ್ಣಮಕ್ಕಳು ಹದಿನೆಂಟು. ಮುಂದಿನ ವರ್ಷ ಇನ್ನೂ ಜಾಸ್ತಿ ಮಾಡೂ ವಿಚಾರ ಐತಿ."

ಆಮೇಲೆ ನಡೆದದ್ದನ್ನು ಪೂರ್ತಿ ಬರೆಯುವುದಿಲ್ಲ. ಹುಡುಗನ ಕನ್ನಡಕ ಒಡೆಯಲಿಲ್ಲ ಎಂದಷ್ಟೇ ದಾಖಲಿಸುತ್ತೇನೆ. ಬಾಳೆಹಣ್ಣು ತಿನ್ನುತ್ತ ಕೂತಿದ್ದ ಇತರ ಓಟಗಾರರು ಸೇರಿ ಹೇಗೋ ತಿಳಿಸಿ ಹೇಳಿದರು. ನೀಲವ್ವ ಎಲ್ಲವನ್ನೂ ಕೇಳಿ ನನ್ನ ಹತ್ತಿರ ಬಂದು ಕೂತಳು. ಮರದ ಕೆಳಗೆ ತೋರಿಸಿದ್ದಕ್ಕಿಂತ ಹೆಚ್ಚಿನ ಮರುಕ ಈಗ ಆಕೆಯ ಮುಖದಲ್ಲಿತ್ತು.

"ಖರೇನ ಯಾರೂ ಇಲ್ಲ? ಸುಮ್ಮ ಸುಮ್ಮನ ಓಡಾಕತ್ತಿದ್ದಿ?"

"ಹೂಂ ಅಜ್ಜಿ."

"ಅದಕ್ಕಿಂತ ಓಡಿ ಹೋಗಿದ್ರ ಛಲೋ ಇತ್ತಲ್ಲ ಯವ್ವಾ."

ಹುಡುಗ ನನ್ನ ಹೆಸರಿನ ಮುಂದೆ ಅಡ್ಡಗೆರೆ ಎಳೆದ. ಟ್ರ್ಯಾಕ್ಟರ್ ಹತ್ತಿದ ಜಾಗಕ್ಕೆ ವಾಪಸ್ ಹೋಗಿ ಅಲ್ಲಿಂದ ಓಡಿ ಬರಲೇ ಎಂದು ಕೇಳಿದೆ. ನಿಯಮದಲ್ಲಿ ಅದಿಲ್ಲ ಎಂದ. ಇಲ್ಲಿ ಒಂದು ಮಾತು ಬರೆದುಬಿಡಬೇಕು, ಸುಳ್ಳು ಬರೆದು ನನಗೆ ರೂಢಿಯಿಲ್ಲ. ಅವನು ಇಲ್ಲ ಎಂದಾಗ ನನ್ನ ತಲೆ ಅತ್ತಿತು, ಕಾಲುಗಳು ಅಳಲಿಲ್ಲ. ಇನ್ನೂ ಒಂದು. ನೀಲವ್ವ ನನ್ನನ್ನು ಹಿಡಿದು ಕೂರಿಸಿದಳು ಎಂದು ಮೇಲೆ ಬರೆದಿದ್ದೇನಲ್ಲ, ಆಕೆ ರಟ್ಟೆ ಹಿಡಿಯುವುದಕ್ಕೂ ನಾನು ಕೂರುವುದಕ್ಕೂ ನಡುವೆ ಎಷ್ಟು ಜಗ್ಗಾಟ ನಡೆಯಿತು ಎಂದು ಎಷ್ಟು ಸಲ ನೆನಪಿಸಿಕೊಂಡರೂ ಸ್ವಲ್ಪವೂ ನೆನಪಾಗುತ್ತಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಬ್ಯಾಡಗಿ ಮುಟ್ಟಿತ್ತು. ಅದು ಯಾವ ದಾರಿಯಿಂದ ಓಡಿತೋ, ನನಗಿಂತ ಬಹಳ ಜೋರಾಗಿ ಓಡಿತ್ತು. ಇವತ್ತು ಬೆಳಗ್ಗೆ ಅಬ್ಬಾನ ಅಂಗಡಿಗೆ ದಿಂಬು ಕೇಳಲು ಬಂದ ಮೂವರೂ ದಿಂಬು ಒಯ್ಯಲಿಲ್ಲ, ಮಗಳು ತಿರುಗಿ ಬಂದಳಂತಲ್ಲ ಎಂದು ಸಮಾಧಾನ ಹೇಳಿ ಹೋದರು. ಅಮ್ಮಿ ಮಾತಿಗೆ ತಪ್ಪುವವಳಲ್ಲ. ಬೂಟುಗಳನ್ನು ತೊಳೆದು, ಒಣಗಿಸಿ, ಗೋಣಿಚೀಲದಲ್ಲಿ ಕಟ್ಟಿ, ಸ್ಟೂಲಿನ ಮೇಲೆ ನಿಂತು ಅಟ್ಟಕ್ಕೆ ಹಾಕಿದಳು. ನಾನು ಅತ್ತದ್ದನ್ನು ನೋಡಿ, ಸ್ಟೂಲಿನಿಂದ ಇಳಿಯುತ್ತ ಅಂದಳು: "ಆ ಮುದುಕಿ ಫೋನು ಮಾಡಿದಾಗ ನನಗೂ ಸರಿಯಾಗಿ ತಿಳಿಸಿ ಹೇಳಲು ಬರಲಿಲ್ಲ ಬೇಟಾ. ನೀನು ಹೋಗಿ ಮಾಡುವುದು ಏನು ಎಂದು ಒಂದೇ ಮಾತಿನಲ್ಲಿ, ಆಕೆಗೂ ತಿಳಿಯುವ ಹಾಗೆ ಹೇಳು. ಅವತ್ತೇ ಇಳಿಸಿ ಕೊಡುತ್ತೇನೆ."

ಬೆಳಗ್ಗಿನಿಂದ ಹುಡುಕುತ್ತಿದ್ದೇನೆ. ಓಟ ಎಂದರೆ ಯಾರಿಗೆ ಹೆದರಿ ಎನ್ನುತ್ತಾರೆ, ಆಟ ಎಂದರೆ ಚೆಂಡು ಎಲ್ಲಿ ಎನ್ನುತ್ತಾರೆ, ವ್ಯಾಯಾಮ ಎಂದರೆ ಹೊಲದಲ್ಲಿ ಕೆಲಸ ಕೊಡುತ್ತಾರೆ. ಓದುವವರಲ್ಲಿ ಯಾರಿಗಾದರೂ ಇದಕ್ಕೆ ಸರಿಯಾದ ಮಾತು ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಹಿಂದೆ ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ, ಮುಂದೆ ಯಾರೂ ಕಾಯುತ್ತಿಲ್ಲ, ಹೋದವಳು ತಿರುಗಿ ಮನೆಗೇ ಬರುತ್ತಾಳೆ, ಇಷ್ಟೂ ಅದರೊಳಗೆ ಬರಬೇಕು. ಏದುಸಿರು ಬಿಡುತ್ತ ಹೇಳುವಷ್ಟು ಸಣ್ಣದಿರಲಿ. ಅವಸರವೇನೂ ಇಲ್ಲ, ಕಾಲಿನ ಊತ ಇಳಿಯಲು ಹದಿನೈದು ದಿನ ಬೇಕಂತೆ. ನಿಮ್ಮ ಕಾಗದ ಅದಕ್ಕಿಂತ ಮೊದಲು ಬಂದರೆ, ಅಮ್ಮಿಗೆ ಕೂಡಲೇ ತೋರಿಸುತ್ತೇನೆ ಎಂದು ಮಾತ್ರ ಮಾತು ಕೊಡಲಾರೆ.